ಓರ್ಕಾ ಸುದ್ದಿ ಹೇಳುವವರಿಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಕನ್ನಡದ ಸುದ್ದಿವಾಹಿನಿಗಳ, ಯೂಟ್ಯೂಬ್ ಚಾನೆಲ್‌ಗಳ ಸಂಪಾದಕರಿಗೆ,

ನಮಸ್ಕಾರ.

ಸ್ಪೇನ್, ಪೋರ್ಚುಗಲ್ ಕರಾವಳಿಯಲ್ಲಿ ಓರ್ಕಾಗಳು (ಕೊಲೆಗಾರ ತಿಮಿಂಗಿಲ ಎಂದೂ ಕರೆಯುವ ದೊಡ್ಡ ಸಮುದ್ರಪ್ರಾಣಿಗಳು) ಹಾಯಿದೋಣಿಗಳ ಚುಕ್ಕಾಣಿ ಮುರಿಯುವ ಸುದ್ದಿಯನ್ನು ನೀವು ಕೆಲವು ವರ್ಷಗಳಿಂದ ತೋರಿಸುತ್ತಿದ್ದೀರಿ. ಅದು ತೋರಿಸಬೇಕಾದ ಸುದ್ದಿಯೇ. ಆದರೆ ನೀವು ಹೇಳುವ ರೀತಿಯಿಂದ ಸಮುದ್ರದಲ್ಲಿ ಇರುವವರಿಗೆ ಏನೂ ಉಪಯೋಗ ಆಗುತ್ತಿಲ್ಲ. ಮನೆಯಲ್ಲಿ ಇರುವವರಿಗೆ ಮಾತ್ರ ನಿದ್ದೆ ಹೋಗಿದೆ. ಆ ಮನೆಗಳಲ್ಲಿ ನಮ್ಮದೂ ಒಂದು. ಅದಕ್ಕೇ ಈ ಪತ್ರ.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ತಮ್ಮ ಗೋವಾದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತ. ಈಗ ಪೋರ್ಚುಗಲ್‌ನಿಂದ ಮೆಡಿಟರೇನಿಯನ್ ಬಂದರುಗಳಿಗೆ ಬೇರೆಯವರ ದೋಣಿಗಳನ್ನು ತಲುಪಿಸಿಕೊಡುವ ತಂಡದಲ್ಲಿ ಕೆಲಸ ಮಾಡುತ್ತಾನೆ. ಸ್ಪೇನ್, ಮೊರಾಕ್ಕೋ ನಡುವಿನ ಜಿಬ್ರಾಲ್ಟರ್ ಜಲಸಂಧಿ ಅವನಿಗೆ ದಿನನಿತ್ಯದ ದಾರಿ ಇದ್ದ ಹಾಗೆ. ನಮ್ಮ ಅವ್ವ ಗದಗಿನಲ್ಲಿ ಇರುತ್ತಾರೆ. ಓರ್ಕಾ ಸುದ್ದಿ ಬಂದ ರಾತ್ರಿ ಅವರ ಫೋನ್ ಬಂದೇ ಬರುತ್ತದೆ. "ಅವಕ್ಕ ಮನಷ್ಯಾರ ಮ್ಯಾಲೆ ಸಿಟ್ಟು ಬಂದೈತಂತ. ಸೇಡು ತೀರಿಸ್ಕೊಳ್ಳಾಕ ಹತ್ಯಾವಂತ. ಅವಂಗ ಬಂದುಬಿಡು ಅನ್ನವಾ," ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಟಿವಿಯಲ್ಲಿ ಕೇಳಿದ್ದನ್ನೇ ಹೇಳುತ್ತಾರೆ.

ಅಪಾಯ ಸಣ್ಣದು ಅಂತ ನಾನು ವಾದ ಮಾಡಲು ಬಂದಿಲ್ಲ. ಅದು ನಿಜವಾದ ಅಪಾಯ. 2020ರಲ್ಲಿ ಜಿಬ್ರಾಲ್ಟರ್ ಕಡೆಯಿಂದ ಈ ಘಟನೆಗಳು ವರದಿಯಾಗಲು ಶುರುವಾದವು. ಅದೇ ವರ್ಷ ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾ ತೀರದಲ್ಲೂ ಕಾಣಿಸಿದವು. ಅಲ್ಲಿನ ಸರ್ಕಾರ ಒಂದು ಭಾಗದಲ್ಲಿ 15 ಮೀಟರ್‌ಗಿಂತ ಚಿಕ್ಕ ಹಾಯಿದೋಣಿಗಳು ಓಡಾಡಬಾರದು ಎಂದು ಸ್ವಲ್ಪ ಕಾಲ ನಿಷೇಧ ಹಾಕಿತ್ತು. 2024ರ ಮೇ ಹೊತ್ತಿಗೆ ಇಂಥ ಸುಮಾರು 700 ಘಟನೆಗಳು ದಾಖಲಾಗಿದ್ದವು. 2023ರ ಮೇ ತಿಂಗಳಲ್ಲಿ ಸ್ಪೇನಿನ ಬಾರ್ಬಾತೆ ಹತ್ತಿರ ಒಂದು ದೋಣಿಗೆ ಪೆಟ್ಟು ಬಿದ್ದು, ಬಂದರಿಗೆ ಎಳೆದು ತರುವಾಗ ಮುಳುಗಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಪೋಲೆಂಡ್‌ನವರ ದೋಣಿಯೊಂದರ ಚುಕ್ಕಾಣಿಯನ್ನು ಓರ್ಕಾಗಳು ಮುಕ್ಕಾಲು ಗಂಟೆ ಗುದ್ದಿದವು. ಅದು ಮೊರಾಕ್ಕೋದ ಟಾಂಜಿಯರ್ ಮೆಡ್ ಬಂದರಿನ ಬಾಗಿಲಲ್ಲೇ ಮುಳುಗಿತು. 2024ರ ಮೇ ತಿಂಗಳಲ್ಲಿ ಇನ್ನೊಂದು, 15 ಮೀಟರ್ ಉದ್ದದ್ದು. ಅದರಲ್ಲಿದ್ದ ಇಬ್ಬರನ್ನು ಹತ್ತಿರದಲ್ಲಿ ಹೋಗುತ್ತಿದ್ದ ತೈಲ ಹಡಗು ಹತ್ತಿಸಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಲಿಸ್ಬನ್ ಹತ್ತಿರ ಮುಳುಗಿದ ದೋಣಿಯಿಂದ ಐದು ಮಂದಿಯನ್ನು ಕಾಪಾಡಿದರು.

ಇವುಗಳಲ್ಲಿ ಎಲ್ಲರೂ ಬದುಕಿದ್ದಾರೆ. ಇಷ್ಟು ವರ್ಷಗಳ ಈ ಘಟನೆಗಳಲ್ಲಿ ಓರ್ಕಾ ಒಬ್ಬ ಮನುಷ್ಯನನ್ನೂ ಕೊಂದಿಲ್ಲ. ದೋಣಿ ಬಿಟ್ಟು ಲೈಫ್‌ರಾಫ್ಟ್ (ಜೀವರಕ್ಷಕ ತೆಪ್ಪ) ಹತ್ತಿದವರ ಬೆನ್ನು ಹತ್ತಿಲ್ಲ. ಈ ಮಾತು ನಿಮ್ಮ ಕಾರ್ಯಕ್ರಮಗಳಲ್ಲಿ ಎಲ್ಲಿ ಬರುತ್ತದೆ? ಬಂದರೆ ಕೊನೆಯ ಅರ್ಧ ನಿಮಿಷದಲ್ಲಿ. ಅಷ್ಟರಲ್ಲಿ ಅವ್ವ ಫೋನ್ ಕೈಗೆ ತೆಗೆದುಕೊಂಡಾಗಿರುತ್ತದೆ.

ಸೇಡಿನ ಕಥೆ ಎಲ್ಲಿಂದ ಬಂತು ನೋಡಿ. ಈ ಗುಂಪಿನ ಒಂದು ಹೆಣ್ಣು ಓರ್ಕಾವನ್ನು ಸಂಶೋಧಕರು ಬಿಳಿ ಗ್ಲಾಡಿಸ್ ಎಂದು ಕರೆಯುತ್ತಾರೆ. ಅದಕ್ಕೆ ಹಿಂದೆ ಯಾವುದೋ ದೋಣಿಯಿಂದ ಪೆಟ್ಟಾಗಿರಬಹುದು, ಅದರಿಂದ ಈ ನಡತೆ ಶುರುವಾಗಿರಬಹುದು ಎಂಬುದು ಒಂದು ಊಹೆ. ಊಹೆ ಮಾತ್ರ. ಅದೇ ಸಂಶೋಧಕರು ಇನ್ನೊಂದು ಊಹೆಯನ್ನೂ ಹೇಳಿದ್ದರು: ಇದು ಆಟ ಇರಬಹುದು ಅಂತ. ನೀವು ಮೊದಲನೆಯದನ್ನು ಮಾತ್ರ ಎತ್ತಿಕೊಂಡಿರಿ. 2023ರ ಆಗಸ್ಟ್‌ನಲ್ಲಿ 30ಕ್ಕೂ ಜಾಸ್ತಿ ವಿಜ್ಞಾನಿಗಳು ಸೇರಿ ಒಂದು ಬಹಿರಂಗ ಪತ್ರ ಬರೆದರು. ಈ ಪ್ರಾಣಿಗಳಿಗೆ ಸೇಡು, ದ್ವೇಷ ಕಟ್ಟಬೇಡಿ, ಹಾಗೆ ಕಟ್ಟಿದರೆ ಜನ ಅವುಗಳ ಮೇಲೆಯೇ ಕೈ ಮಾಡುತ್ತಾರೆ ಎಂಬುದು ಅವರ ಕಳಕಳಿ. 2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಪರವಾಗಿ ಮ್ಯಾಡ್ರಿಡ್‌ನಲ್ಲಿ ತಜ್ಞರು ಕೂತು ಎಲ್ಲ ಮಾಹಿತಿ ನೋಡಿದರು. ಇದರಲ್ಲಿ ಆಕ್ರಮಣದ ಲಕ್ಷಣಕ್ಕಿಂತ ಆಟದ ಲಕ್ಷಣವೇ ಜಾಸ್ತಿ ಅಂತ ಅವರು ಹೇಳಿದರು. ಮರಿಗಳು, ಹರೆಯದವು ಒಂದನ್ನೊಂದು ನೋಡಿ ಕಲಿತ ಚಾಳಿ ಇದು. ಬಾರ್ಬಾತೆಯ ಘಟನೆಯಲ್ಲೂ ಒಂದು ದೊಡ್ಡದು, ಎರಡು ಸಣ್ಣವು ಇದ್ದವು. ದೊಡ್ಡದು ಮಾಡಿದ್ದನ್ನು ಸಣ್ಣವು ನೋಡಿ ಮಾಡಿದವು ಎಂದು ದೋಣಿಯವರೇ ಹೇಳಿದರು.

ಓರ್ಕಾಗಳಲ್ಲಿ ಇಂಥ ಚಾಳಿ ಹೊಸದಲ್ಲ. 1987ರಲ್ಲಿ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಒಂದು ಓರ್ಕಾ ಸತ್ತ ಸಾಲ್ಮನ್ ಮೀನನ್ನು ತಲೆಯ ಮೇಲೆ ಹೊತ್ತು ತಿರುಗಿತು. ಕೆಲವು ವಾರಗಳಲ್ಲಿ ಬೇರೆ ಗುಂಪುಗಳಿಗೂ ಅದು ಹಬ್ಬಿತು. ಆಮೇಲೆ ತಾನಾಗಿಯೇ ನಿಂತಿತು. ಈ ಪ್ರಾಣಿ ಡಾಲ್ಫಿನ್ ಕುಟುಂಬದ್ದು, ಆ ಕುಟುಂಬದಲ್ಲೇ ಅತಿ ದೊಡ್ಡದು. ಬುದ್ಧಿ ಚುರುಕು. ತಾಯಿಯ ಜೊತೆ ಬಾಳುತ್ತದೆ, ತಾಯಿಯಿಂದ ಕಲಿಯುತ್ತದೆ. ಐಬೀರಿಯಾದ, ಅಂದರೆ ಸ್ಪೇನ್-ಪೋರ್ಚುಗಲ್ ತೀರದ, ಗುಂಪಿಗೆ ಮುಖ್ಯ ಊಟ ಬ್ಲೂಫಿನ್ ಟ್ಯೂನಾ. ನಡುವೆ ಆ ಮೀನು ತೀರಾ ಕಡಿಮೆಯಾಗಿತ್ತು. ಹಿಡಿಯುವುದಕ್ಕೆ ಮಿತಿ ಹಾಕಿದ ಮೇಲೆ ಮತ್ತೆ ಹೆಚ್ಚಿತು. ಹೊಟ್ಟೆಗೆ ಸಿಕ್ಕ ಮೇಲೆ ಆಟಕ್ಕೆ ಬಿಡುವು ಸಿಕ್ಕಿರಬಹುದು ಎಂದು ಕೆಲವು ತಜ್ಞರು ಯೋಚಿಸುತ್ತಾರೆ. ನನಗೆ ಈ ವಿವರಣೆ ತುಂಬಾ ಹಿಡಿಸಿತು. ನಿಮ್ಮ ಸೇಡಿನ ಕಥೆಗಿಂತ ಇದರಲ್ಲಿ ಕುತೂಹಲ ಜಾಸ್ತಿ ಇದೆ, ಅಲ್ವಾ?

ಆಟ ಅಂದ ಮಾತ್ರಕ್ಕೆ ದೋಣಿಯಲ್ಲಿ ಇರುವವರಿಗೆ ಅದು ಆಟವಲ್ಲ. ಅಲ್ಲಿ ಏನಾಗುತ್ತದೆ ಎಂದು ತಮ್ಮ ನನಗೆ ಚಿತ್ರ ಬರೆದು ತೋರಿಸಿದ್ದಾನೆ. ಈಗಿನ ಎಷ್ಟೋ ಹಾಯಿದೋಣಿಗಳಲ್ಲಿ ಚುಕ್ಕಾಣಿಯ ಹಲಗೆ ಹಿಂಭಾಗದ ತಳದಲ್ಲಿ ಒಂದೇ ದಂಡಕ್ಕೆ ನೇತಾಡುತ್ತದೆ. ಮುಂದೆ, ಕೆಳಗೆ ಅದಕ್ಕೆ ಬೇರೆ ಆಸರೆ ಇಲ್ಲ. ನೀರಿನಲ್ಲಿ ಚೆನ್ನಾಗಿ ತಿರುಗಲಿ ಎಂದು ಹಾಗೆ ಮಾಡುತ್ತಾರೆ. ಆ ದಂಡ ದೋಣಿಯ ತಳವನ್ನು ತೂರಿ ಮೇಲಕ್ಕೆ ಬರುತ್ತದೆ. 5, 6 ಮೀಟರ್ ಉದ್ದದ, ಟನ್‌ಗಟ್ಟಲೆ ತೂಕದ ಪ್ರಾಣಿ ಪಕ್ಕದಿಂದ ಮೂತಿ ಹಚ್ಚಿ ತಳ್ಳಿದರೆ ಪೂರ್ತಿ ಒತ್ತಡ ಆ ದಂಡದ ಮೇಲೆ, ಅದು ತೂರಿ ಬಂದ ಜಾಗದ ಮೇಲೆ ಬೀಳುತ್ತದೆ. ಹಲಗೆ ಮುರಿದು ಬಿದ್ದರೆ ದೋಣಿ ದಿಕ್ಕು ಬದಲಿಸಲಾರದು, ಆದರೆ ತೇಲುತ್ತಿರುತ್ತದೆ. ಯಾರಾದರೂ ಬಂದು ಎಳೆದುಕೊಂಡು ಹೋಗಬಹುದು. ಹಲಗೆ ಮುರಿಯದೆ ದಂಡ ಬಾಗಿ ತಳವನ್ನೇ ಸೀಳಿದರೆ ನೀರು ಒಳಗೆ ನುಗ್ಗುತ್ತದೆ. ದೋಣಿ ಮುಳುಗುವುದು ಹೀಗೆ.

ಇನ್ನೊಂದು ಪೆಟ್ಟು ಮೇಲುಗಡೆ. ಕೆಳಗೆ ಹಲಗೆಗೆ ಗುದ್ದು ಬಿದ್ದಾಗ ಮೇಲಿನ ಸ್ಟೀರಿಂಗ್ ಚಕ್ರ ಗಿರ್ರನೆ ತಿರುಗುತ್ತದೆ. ಆಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಬೆರಳು, ಮಣಿಕಟ್ಟು ಮುರಿಯಬಹುದು. ಹಿಡಿಯಬೇಕು ಅನ್ನಿಸುತ್ತದೆ. ಹಿಡಿಯಬಾರದು. ಇಷ್ಟು ಸಣ್ಣ ವಿಷಯವನ್ನು ನೀವು ಒಂದು ಸಲವಾದರೂ ಹೇಳಿದ್ದರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತಿತ್ತು.

ಏನು ಮಾಡಬೇಕು ಎಂಬ ಸಲಹೆಯೂ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಇದನ್ನು ನೀವು ತೋರಿಸಲೇ ಇಲ್ಲ. ಮೊದಲು ಹೇಳುತ್ತಿದ್ದುದು: ಹಾಯಿ ಇಳಿಸಿ, ಎಂಜಿನ್ ನಿಲ್ಲಿಸಿ, ಚಕ್ರ ಬಿಟ್ಟುಬಿಡಿ, ಸುಮ್ನೆ ಇರಿ. ದೋಣಿ ಅಲುಗಾಡದಿದ್ದರೆ ಓರ್ಕಾಗಳಿಗೆ ಬೇಜಾರಾಗಿ ಹೋಗುತ್ತವೆ ಎಂಬ ಲೆಕ್ಕ. ಆಮೇಲೆ ಸಾಕಷ್ಟು ಅನುಭವ ಕೂಡಿತು. ಈಗ ಸ್ಪೇನಿನ ಅಧಿಕಾರಿಗಳು ಹೇಳುವುದು ಬೇರೆ: ಓರ್ಕಾ ಕಂಡರೆ ನಿಲ್ಲಬೇಡಿ. ಎಂಜಿನ್ ಹಾಕಿಕೊಂಡು ಆಳ ಕಡಿಮೆ ಇರುವ ತೀರದ ಕಡೆ ಹೋಗಿ. ದೋಣಿಯ ಅಂಚಿಗೆ ಬರಬೇಡಿ, ನಡುವೆ ಇರಿ. ಪ್ರಾಣಿಗೆ ನೋವಾಗುವಂಥದ್ದು ಏನನ್ನೂ ಮಾಡಬೇಡಿ. ರೇಡಿಯೊದಲ್ಲಿ ರಕ್ಷಣಾ ಪಡೆಗೆ ತಿಳಿಸಿ. ಎಷ್ಟೋ ಜನ ಈಗ ಆ ಭಾಗ ದಾಟುವಾಗ 20 ಮೀಟರ್ ಆಳದ ಗೆರೆ ಹಿಡಿದು, ತೀರಕ್ಕೆ ಅಂಟಿಕೊಂಡೇ ಹೋಗುತ್ತಾರೆ.

ಇದು ಹೇಳಿದಷ್ಟು ಸುಲಭ ಅಲ್ಲ. ತೀರದ ಹತ್ತಿರ ಬಂಡೆ ಇರುತ್ತದೆ. ಮೀನುಗಾರರ ಬಲೆ ಇರುತ್ತದೆ. ಬಾರ್ಬಾತೆ, ಕೊನಿಲ್, ತರೀಫಾ ಕಡೆ ಬೇಸಿಗೆಯ ಮೊದಲಿಗೆ ಟ್ಯೂನಾ ಹಿಡಿಯಲು ಸಮುದ್ರದಲ್ಲೇ ದೊಡ್ಡ ಬಲೆಕೋಟೆ ಕಟ್ಟುತ್ತಾರೆ. ಅಲ್ಮಾದ್ರಾಬಾ ಎಂಬ ಈ ಪದ್ಧತಿ ಸಾವಿರಾರು ವರ್ಷ ಹಳೆಯದು. ರಾತ್ರಿ ಹೊತ್ತು ಅದಕ್ಕೆ ಸಿಕ್ಕಿಕೊಂಡರೆ ಅದೇ ಒಂದು ಅಪಘಾತ. ತೀರದಿಂದ ದೂರ ಹೋದರೆ ಓರ್ಕಾ ಭಯ, ಹತ್ತಿರ ಹೋದರೆ ಬಲೆ, ಬಂಡೆಯ ಭಯ. ಈ ಎರಡರ ನಡುವೆ ಗಾಳಿ ನೋಡಿ, ಹಗಲು ನೋಡಿ, ದಾರಿ ಆರಿಸಿಕೊಳ್ಳುವುದೇ ತಮ್ಮನಂಥವರ ಕೆಲಸ. ಆ ಜಾಣ್ಮೆಯ ಬಗ್ಗೆ ಕಾರ್ಯಕ್ರಮ ಮಾಡಿ. ಅವರು ಬೇಟೆಯಾಗಲು ಕಾದು ಕೂತ ಬಡಪಾಯಿಗಳಲ್ಲ.

ಅಪಾಯಕ್ಕೆ ಜಾಗ ಇದೆ, ಕಾಲ ಇದೆ. ವಸಂತದಲ್ಲಿ ಟ್ಯೂನಾ ಮೀನು ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಮೊಟ್ಟೆ ಇಡಲು ಜಲಸಂಧಿ ದಾಟುತ್ತದೆ. ಆ ದಾರಿ ಅತಿ ಕಿರಿದಾದ ಕಡೆ ಬರೀ 14 ಕಿಲೋಮೀಟರ್ ಅಗಲ. ಓರ್ಕಾಗಳು ಅಲ್ಲಿ ಕಾಯುತ್ತವೆ. ಬೇಸಿಗೆ ಕಳೆದ ಮೇಲೆ ಅವು ಪೋರ್ಚುಗಲ್ ತೀರದಗುಂಟ ಉತ್ತರಕ್ಕೆ, ಗಲಿಸಿಯಾ ತನಕ ಹೋಗುತ್ತವೆ. ಯಾವ ದಿನ ಎಲ್ಲಿ ಕಂಡವು ಎಂದು ನಾವಿಕರೇ ವರದಿ ಮಾಡಿ ನಕ್ಷೆಗಳನ್ನು ಮಾಡಿಕೊಂಡಿದ್ದಾರೆ. ನನ್ನ ತಮ್ಮ ಬಂದರು ಬಿಡುವ ಮೊದಲು ಅದನ್ನು ನೋಡುತ್ತಾನೆ. ನಾನೂ ಇಲ್ಲಿ ಹುಬ್ಬಳ್ಳಿಯಲ್ಲಿ ಕೂತು ನೋಡುತ್ತೇನೆ. ಅವ್ವನಿಗೂ ತೋರಿಸಿದ್ದೇನೆ. ತಮ್ಮನ ತಂಡ ಹೋಗುವ ದಾರಿಯಲ್ಲಿ ವಾರದಿಂದ ಏನೂ ಕಂಡಿಲ್ಲ ಅಂತ ಗೊತ್ತಾದರೆ ಅವ್ವ ನೆಮ್ಮದಿಯಿಂದ ಊಟ ಮಾಡುತ್ತಾರೆ. ಕಂಡಿದೆ ಅಂತ ಗೊತ್ತಾದರೆ "ದಂಡಿ ಹಿಡಕೊಂಡು ಹೋಗು ಅನ್ನು" ಅನ್ನುತ್ತಾರೆ, ಅಂದರೆ ತೀರ ಹಿಡಿದು ಹೋಗು ಅಂತ. ನೋಡಿ, ಸರಿಯಾದ ಮಾಹಿತಿ ಸಿಕ್ಕರೆ ಸಮುದ್ರವನ್ನೇ ಹೆಚ್ಚು ಕಾಣದ ತಾಯಿಯೂ ಸರಿಯಾದ ಸಲಹೆ ಕೊಡುತ್ತಾಳೆ. "ರಾಕ್ಷಸ ತಿಮಿಂಗಿಲದ ರಣಕೇಕೆ" ಎಂಬ ಶೀರ್ಷಿಕೆಯಿಂದ ಅವರಿಗೆ ಏನು ಸಿಕ್ಕೀತು?

2021ರ ಸೆಪ್ಟೆಂಬರ್ ನಿಮಗೂ ನೆನಪಿರಬೇಕು. ನಮ್ಮ ನೃಪತುಂಗ ಬೆಟ್ಟದ ಸುತ್ತ ಚಿರತೆ ಕಾಣಿಸಿಕೊಂಡಿತ್ತು. ಹತ್ತಿರದ ಶಾಲೆಗಳಿಗೆ ರಜೆ ಕೊಟ್ಟರು. ಯಾವ ಓಣಿಯವರು ಎಚ್ಚರ ಇರಬೇಕು, ಬೆಳಗಿನ ವಾಕಿಂಗ್ ನಿಲ್ಲಿಸಬೇಕೋ ಬೇಡವೋ ಎಂಬುದು ಆಗ ನಮಗೆಲ್ಲ ಬೇಕಾಗಿದ್ದ ಸುದ್ದಿ. ವಾಟ್ಸಾಪ್‌ನಲ್ಲಿ ಬಂದದ್ದು ಎಲ್ಲೆಲ್ಲಿಯವೋ ಚಿರತೆ ವಿಡಿಯೋಗಳು. ಮಕ್ಕಳು ಅವನ್ನು ನೋಡಿ ಹೆದರಿದರು. ಯಾವ ದಾರಿ ಬಿಡಬೇಕು ಅನ್ನುವುದು ಮಾತ್ರ ಅವರಿಗೆ ಗೊತ್ತಾಗಲಿಲ್ಲ. ಓರ್ಕಾ ವಿಷಯದಲ್ಲೂ ಅದೇ ನಡೆದಿದೆ, ಇನ್ನೂ ದೊಡ್ಡದಾಗಿ.

2025ರ ಆಗಸ್ಟ್‌ನಲ್ಲಿ ಒಂದು ವಿಡಿಯೋ ಎಲ್ಲ ಕಡೆ ಹರಿದಾಡಿತು. ಜೆಸಿಕಾ ರಾಡ್‌ಕ್ಲಿಫ್ ಎಂಬ ತರಬೇತುದಾರಳನ್ನು ಪ್ರದರ್ಶನದ ನಡುವೆ ಓರ್ಕಾ ಕೊಂದಿತು ಅಂತ. ನನ್ನ ಕ್ಲಾಸಿನ ಮಕ್ಕಳ ಫೋನಿಗೂ ಬಂದಿತ್ತು. ಅಂಥ ಹೆಸರಿನ ತರಬೇತುದಾರಳು ಇಲ್ಲವೇ ಇಲ್ಲ. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸುಳ್ಳು ವಿಡಿಯೋ ಅದು. ನಿಮ್ಮಲ್ಲಿ ಕೆಲವರು ಅದನ್ನು ಹಾಕಿ, ದೋಣಿ ಮುಳುಗಿದ ದೃಶ್ಯಗಳ ಜೊತೆ ಸೇರಿಸಿ ಒಂದೇ ಕಥೆ ಮಾಡಿದಿರಿ. ತೊಟ್ಟಿಯಲ್ಲಿ ಕೂಡಿಹಾಕಿದ ಓರ್ಕಾದಿಂದ ನಿಜವಾಗಿಯೂ ಸಾವು ಆಗಿದೆ. 2010ರಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ತಿಲಿಕಂ ಎಂಬ ಓರ್ಕಾ ತನ್ನ ತರಬೇತುದಾರಳನ್ನು ಕೊಂದಿತು. ಅದು ಮರಿಯಾಗಿದ್ದಾಗಲೇ ಸಮುದ್ರದಿಂದ ಹಿಡಿದು ತಂದು ತೊಟ್ಟಿಯಲ್ಲಿ ಬೆಳೆಸಿದ ಪ್ರಾಣಿಯ ಕಥೆ. ತೆರೆದ ಸಮುದ್ರದಲ್ಲಿ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಇಲ್ಲ. ಎರಡನ್ನೂ ಕಲಸಿದರೆ ನೋಡುವವರಿಗೆ ಏನು ತಿಳಿಯಬೇಕು?

ಹಾಗೆಂದು ಹಳೆಯ ಘಟನೆಗಳನ್ನು ಮುಚ್ಚಿಡಬೇಕು ಅನ್ನುತ್ತಿಲ್ಲ. 1972ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ, ಗಲಾಪಗೋಸ್ ದ್ವೀಪಗಳ ಆಚೆ, ಒಂದು ಬ್ರಿಟಿಷ್ ಕುಟುಂಬದ ಹಾಯಿದೋಣಿಗೆ ಓರ್ಕಾಗಳು ಗುದ್ದಿ ಅದು ಮುಳುಗಿತು. ಆರು ಮಂದಿ 38 ದಿನ ಸಣ್ಣ ತೆಪ್ಪದಲ್ಲಿ, ಆಮೇಲೆ ಪುಟ್ಟ ದೋಣಿಯಲ್ಲಿ ಮಳೆನೀರು, ಆಮೆ ಮಾಂಸದ ಮೇಲೆ ಬದುಕಿದರು. ಕೊನೆಗೆ ಜಪಾನಿನ ಮೀನುಗಾರಿಕೆ ಹಡಗು ಅವರನ್ನು ಕಂಡಿತು. ಜಿಬ್ರಾಲ್ಟರ್‌ನಲ್ಲಿ ಹಡಗುಗಳ ಓಡಾಟ ಜಾಸ್ತಿ ಇರುವುದರಿಂದ ಸಹಾಯ ಬೇಗ ಬರುತ್ತದೆ. ನಡುಸಾಗರದಲ್ಲಿ ಬರುವುದಿಲ್ಲ. ಈ ವ್ಯತ್ಯಾಸ ಕೂಡ ಹೇಳಬೇಕಾದ ವಿಷಯವೇ.

ನನಗೆ ತುಂಬಾ ನೋವಾಗುವ ಇನ್ನೊಂದು ಸಂಗತಿ ಇದೆ. ಈ ಐಬೀರಿಯಾ ಓರ್ಕಾಗಳು 50ಕ್ಕಿಂತ ಕಡಿಮೆ ಉಳಿದಿವೆ. 2019ರಲ್ಲೇ ಇವನ್ನು ತೀವ್ರ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದಾರೆ. ಒಂದು ತಾಯಿ ಸತ್ತರೆ ಇಡೀ ಗುಂಪಿಗೆ ಪೆಟ್ಟು. ಹೀಗಿರುವಾಗ ಹೆದರಿದ ಜನ ಏನು ಮಾಡುತ್ತಾರೆ? ನೀರಿಗೆ ಪಟಾಕಿ ಎಸೆಯುತ್ತಾರೆ. 2023ರ ಆಗಸ್ಟ್‌ನಲ್ಲಿ ಹಾಯಿದೋಣಿಯಿಂದ ಓರ್ಕಾಗಳ ಕಡೆ ಗುಂಡು ಹಾರಿಸಿದರು ಎನ್ನಲಾದ ವಿಡಿಯೋ ಬಂದು, ಸ್ಪೇನಿನಲ್ಲಿ ತನಿಖೆ ಶುರುವಾಯಿತು. ನಿಮ್ಮ ವಿಡಿಯೋದ ಕೆಳಗಿನ ಕಾಮೆಂಟುಗಳನ್ನು ಓದಿದ್ದೀರಾ? "ಎಲ್ಲಾ ಸಾಯಿಸ್ಬೇಕು" ಅಂತ ಕನ್ನಡದಲ್ಲೇ ಬರೆದಿದ್ದಾರೆ. ಬರೆದವರು ಆ ಪ್ರಾಣಿಯನ್ನು ಕಂಡವರಲ್ಲ. ನೀವು ಹೇಳಿದ್ದನ್ನು ನಂಬಿದವರು. ಆ ದಾರಿಯಲ್ಲಿ ಜೀವ ಪಣಕ್ಕಿಟ್ಟು ಓಡಾಡುವ ನನ್ನ ತಮ್ಮ ಹಾಗೆ ಒಂದು ಸಲವೂ ಹೇಳಿಲ್ಲ. ಅವನು ಅವನ್ನು ದೂರದಿಂದ ಕಂಡಿದ್ದಾನೆ. "ಎಷ್ಟ್ ಚಂದ ಅದಾವ ಅಕ್ಕಾ, ಆದ್ರ ನಮ್ಮ ಹತ್ರ ಬರೋದು ಬ್ಯಾಡ," ಅಂದಿದ್ದ. ಈ ಎರಡೂ ಭಾವನೆ ಒಂದೇ ಮನಸ್ಸಿನಲ್ಲಿ ಇರಬಹುದು. ನಿಮ್ಮ ಕಾರ್ಯಕ್ರಮದಲ್ಲೂ ಇರಬಹುದು.

ಸಂಪಾದಕರೇ, ನಾನು ಕೇಳುವುದು ಜಾಸ್ತಿ ಏನಲ್ಲ. ಆ ಸುಳ್ಳು ವಿಡಿಯೋ ನಿಮ್ಮ ಚಾನೆಲ್‌ನಲ್ಲಿ ಇನ್ನೂ ಇದ್ದರೆ ತೆಗೆಯಿರಿ. ತೆಗೆದದ್ದು ಯಾಕೆ ಎಂದು ಎರಡು ಸಾಲು ಹಾಕಿ. ಮುಂದೆ ಇಂಥ ಘಟನೆ ವರದಿಯಾದಾಗ ಯಾವ ತೀರ, ತೀರದಿಂದ ಎಷ್ಟು ದೂರ, ದೋಣಿ ಎಷ್ಟು ಉದ್ದ, ಎಲ್ಲಿ ಪೆಟ್ಟಾಯಿತು, ಜನ ಹೇಗೆ ಪಾರಾದರು ಎಂದು ಹೇಳಿ. ಹಿನ್ನೆಲೆಯ ಢಮರುಗ ಸಂಗೀತ ತೆಗೆದರೆ ಇಷ್ಟಕ್ಕೆ ಸಮಯ ಸಾಕಾಗುತ್ತದೆ. ಬೇರೆ ಸಮುದ್ರದ, ಸೀಲ್ ಬೇಟೆಯಾಡುವ ಓರ್ಕಾಗಳ ದೃಶ್ಯವನ್ನು ಇದರ ಜೊತೆ ಹಾಕಬೇಡಿ. ಅಲ್ಲಿ ಕೆಲಸ ಮಾಡುವ ನಮ್ಮವರನ್ನು ಮಾತಾಡಿಸಿ. ಉತ್ತರ ಕರ್ನಾಟಕದಿಂದ ಹಡಗಿಗೆ ಹೋದವರು ಎಷ್ಟೋ ಜನ ಇದ್ದಾರೆ. ಫೋನ್ ಮಾಡಿದರೆ ಹೇಳುತ್ತಾರೆ.

ನಾವಿಕರಿಗೆ ಈಗ ಕೊಟ್ಟಿರುವ ಸುರಕ್ಷತಾ ಸೂಚನೆಗಳನ್ನು ತಮ್ಮನನ್ನು ಕೇಳಿಕೊಂಡು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಎರಡು ಪುಟ ಇದೆ. ಮನೆಯವರು ಓದಿಕೊಳ್ಳಲಿ ಎಂದು ಅವನ ತಂಡದ ಇಬ್ಬರು ಕನ್ನಡದ ಹುಡುಗರಿಗೂ ಕಳಿಸಿದ್ದೇನೆ. ನಿಮ್ಮಲ್ಲಿ ಯಾರಿಗೆ ಬೇಕಾದರೂ ಕೊಡುತ್ತೇನೆ. ಹೆಸರು ಹಾಕುವುದು ಬೇಡ, ದುಡ್ಡು ಬೇಡ. ಪ್ರಸಾರ ಮಾಡುವ ಮೊದಲು ಸಲಹೆ ಬದಲಾಗಿದೆಯೇ ಎಂದು ಒಮ್ಮೆ ಸ್ಪೇನಿನ ಸಾರಿಗೆ ಸಚಿವಾಲಯದ ಪ್ರಕಟಣೆ ನೋಡಿಕೊಳ್ಳಿ. ಏಪ್ರಿಲ್ ಒಳಗೆ ಪ್ರಸಾರ ಆದರೆ ಒಳ್ಳೆಯದು. ಆ ಹೊತ್ತಿಗೆ ಟ್ಯೂನಾ ಬರಲು ಶುರುವಾಗಿರುತ್ತದೆ, ದೋಣಿಗಳೂ ಬಂದರು ಬಿಟ್ಟು ಹೊರಡುತ್ತವೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಶಿಕ್ಷಕಿ, ನಾವಿಕನೊಬ್ಬನ ಅಕ್ಕ